ಬೀಳುವುದನ್ನು ಕಲಿಯಲು ಕಾರವಾರಕ್ಕೆ ಹೋದೆವು

ನೀವು ಕೊನೆಯ ಸಲ ಆಟವಾಡುತ್ತಾ ಬಿದ್ದದ್ದು ಯಾವಾಗ, ಸ್ವಲ್ಪ ನೆನಪು ಮಾಡಿಕೊಳ್ಳಿ ನೋಡೋಣ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದದ್ದನ್ನು ನಾನು ಕೇಳುತ್ತಿಲ್ಲ. ಕುಂಟಾಬಿಲ್ಲೆ ಆಡುವಾಗ, ಮರದಿಂದ ಹಾರುವಾಗ ಬಿದ್ದು, ಮೊಣಕಾಲಿನ ಧೂಳು ಒರೆಸಿಕೊಂಡು ಮತ್ತೆ ಓಡಿದ್ದು... ಹತ್ತನೆಯ ವಯಸ್ಸಿಗೋ ಹನ್ನೆರಡಕ್ಕೋ ಅದು ಮುಗಿದೇ ಹೋಯಿತು, ಅಲ್ಲವೇ? ಆಮೇಲೆ ನಾವು ಕಲಿತದ್ದೆಲ್ಲ ಬೀಳದಂತೆ ನಡೆಯುವ ವಿದ್ಯೆ.

ನಾನೂ ಹಾಗೇ ಇದ್ದವಳು. ನಲವತ್ತೆಂಟರ ಈ ವಯಸ್ಸಿನಲ್ಲಿ ನಾನು ಅಂಕೋಲೆಯಿಂದ ಕಾರವಾರಕ್ಕೆ ಹೋಗಿ, ಕಾಲಿಗೆ ಗಾಲಿ ಕಟ್ಟಿಕೊಂಡು, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿಂದ ಬೀಳುವ ಪಾಠ ಹೇಳಿಸಿಕೊಂಡೆ ಎಂದರೆ ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ಪೂರ್ತಿ ಕೇಳಿ ಆಮೇಲೆ ನಗಿ!

ಕಥೆ ಶುರುವಾದದ್ದು ನಮ್ಮ ಆಯಿಯಿಂದ. ಎಪ್ಪತ್ತಾರು ವರ್ಷ. ಕಳೆದ ಮಳೆಗಾಲದಲ್ಲಿ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಚೆನ್ನಾಗಿಯೇ ಆಯಿತು. ತಿಂಗಳುಗಳು ಕಳೆದವು. ಡಾಕ್ಟರು "ನಡೀರಿ ಅಮ್ಮಾ, ಈಗ ನಡೆಯದಿದ್ದರೇ ತೊಂದರೆ" ಎಂದು ಹೇಳಿ ಹೇಳಿ ಸೋತರು. ನಾಲ್ಕು ಕಾಲಿನ ವಾಕರ್ ತಂದು ಮಂಚದ ಪಕ್ಕ ಇಟ್ಟಿದ್ದಾಯಿತು. ಆಯಿ ಅದರ ಮೇಲೆ ತನ್ನ ಟುವಾಲು ಒಣಹಾಕಿದಳು! ಮೂಳೆ ಕೂಡಿತ್ತು, ಧೈರ್ಯ ಮಾತ್ರ ಕೂಡಿರಲಿಲ್ಲ. ಹಿಂದಿನ ಬಾಗಿಲಿನಿಂದ ಹತ್ತು ಹೆಜ್ಜೆ ದೂರದ ತುಳಸಿಕಟ್ಟೆಗೆ ಅವಳು ದೀಪ ಹಚ್ಚದೆ ಐದು ತಿಂಗಳಾಗಿತ್ತು.

ಡಿಸೆಂಬರಿನಲ್ಲಿ ತಂಗಿ ಕೆನಡಾದಿಂದ ಬಂದಳು. ಟೊರಾಂಟೊ ನಗರದ ಹತ್ತಿರ ಇರುವವಳು, ಮದುವೆಯಾಗಿ ಹೋಗಿ ಹದಿನಾಲ್ಕು ವರ್ಷವಾಯಿತು. ಆಯಿ ಬಿದ್ದಾಗ ಬರಲಾಗಲಿಲ್ಲ ಎಂಬ ಕೊರಗು ಅವಳಿಗೆ. ಬಂದ ಮರುದಿನ ಅವಳ ಮೊಣಕಾಲಿನ ಹತ್ತಿರ ನೀಲಿಗಟ್ಟಿದ್ದನ್ನು ಕಂಡು ನಾನು ಗಾಬರಿಯಾದೆ.

"ಎಂಥಾ ಆತೆ ಇದು?"

"ಏನಿಲ್ಲ ಅಕ್ಕ, ಐಸ್ ಹಾಕಿ ಆಡ್ತಾ ಬಿದ್ದೆ."

ನನ್ನ ಕೈಯ ಚಹದ ಲೋಟ ಅಲ್ಲೇ ನಿಂತಿತು. ಅಂಕೋಲೆಯ ಮರಳಿನಲ್ಲಿ ಆಡಿ ಬೆಳೆದ ಹುಡುಗಿ, ಐಸನ್ನು ಶರಬತ್ತಿನ ಗಾಡಿಯಲ್ಲಿ ಮಾತ್ರ ಕಂಡವಳು! ಅವಳು ಕಲಿಯಲು ಶುರುಮಾಡಿದ್ದು ನಲವತ್ತೊಂದನೆಯ ವಯಸ್ಸಿನಲ್ಲಂತೆ. ಅಲ್ಲಿ ದೊಡ್ಡವರಿಗಾಗಿ, ಅದರಲ್ಲೂ ಹೆಂಗಸರಿಗಾಗಿಯೇ ಬೇರೆ ತರಗತಿಗಳಿವೆ. ಬರುವವರು ನರ್ಸುಗಳು, ಮಾಸ್ತರಿಣಿಯರು, ಮೊಮ್ಮಕ್ಕಳನ್ನು ಕಂಡವರು. ಯಾರಿಗೂ ಪದಕ ಗೆಲ್ಲುವ ಆಸೆಯಿಲ್ಲ. ವಾರಕ್ಕೊಂದು ಗಂಟೆ ಆಡಿ, ಬೆವರಿ, ನಕ್ಕು ಮನೆಗೆ ಹೋಗುವುದು. ಇಂಥ ವಿನೋದದ ಪಂದ್ಯಗಳಲ್ಲಿ ಮೈಗೆ ಮೈ ಢಿಕ್ಕಿ ಹೊಡೆಯುವಂತಿಲ್ಲ.

ಆಟವನ್ನು ಆಯಿಗೆ ಅವಳು ವಿವರಿಸಿದ್ದು ಹೀಗೆ: ಸುಮಾರು ಅರವತ್ತು ಮೀಟರ್ ಉದ್ದದ ಐಸಿನ ಅಂಕಣ. ಒಂದೊಂದು ಕಡೆ ಗೋಲು ಕಾಯುವವರೂ ಸೇರಿ ಆರು ಜನ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ನೂರಾ ಅರವತ್ತು ಗ್ರಾಂ ಆಸುಪಾಸು. ಪುಟಿಯದಿರಲೆಂದು ಪಂದ್ಯಕ್ಕೆ ಮೊದಲು ಅದನ್ನು ಥಂಡಿಯಲ್ಲಿಡುತ್ತಾರೆ. ಕಾಲಿಗೆ ಉಕ್ಕಿನ ಅಲಗಿನ ಬೂಟು. ಒಂದು ನಿಮಿಷದೊಳಗೇ ಉಸಿರು ಕಟ್ಟುವುದರಿಂದ ಆಟ ನಡೆಯುತ್ತಿರುವಾಗಲೇ ಇವರು ಒಳಗೆ, ಅವರು ಹೊರಗೆ. ಇನ್ನು ವೇಷವೋ! ತಲೆಗೆ ಹೆಲ್ಮೆಟ್, ಮುಖಕ್ಕೆ ತಂತಿಯ ಜಾಲರಿ, ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ಮೆತ್ತೆ, ಮೆತ್ತೆ ಹೊಲಿದ ಚಡ್ಡಿ, ದಪ್ಪ ಕೈಗವಸು. ಮೇಲಿನದನ್ನೆಲ್ಲ ತೊಟ್ಟ ಮೇಲೆ ಬಗ್ಗಲಾಗುವುದಿಲ್ಲವಾದ್ದರಿಂದ ಬೂಟಿನ ಲಾಡಿ ಮೊದಲೇ ಕಟ್ಟಿಕೊಳ್ಳಬೇಕಂತೆ.

"ಯಕ್ಷಗಾನದ ವೇಷ ಕಟ್ಟಿದ ಹಾಗಾಯ್ತಲ್ಲೇ!" ಎಂದಳು ಆಯಿ. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು.

"ಮೊದಲ ದಿನ ಎಂಥ ಕಲಿಸಿದ್ರು?" ಎಂದು ನಾನು ಕೇಳಿದೆ.

"ಬೀಳೋದು. ಒಂದು ಗಂಟೆ ಪೂರ್ತಿ ಬರೀ ಬೀಳೋದು, ಏಳೋದು. ಬೀಳೋ ಭಯ ಹೋಗದವರಿಗೆ ನಿಲ್ಲೋದು ಬರೋದಿಲ್ಲ ಅಕ್ಕ." ಹಾಗೆಂದು ಅವಳು ಆಯಿಯ ವಾಕರಿನ ಮೇಲಿದ್ದ ಟುವಾಲು ತೆಗೆದಳು. "ಇಂಥದ್ದೇ ಒಂದು ಚೌಕಟ್ಟನ್ನ ಅಲ್ಲಿ ಹೊಸಬರಿಗೆ ಕೊಡ್ತಾರೆ ಆಯಿ. ಮೂರು ವರ್ಷದ ಮಕ್ಕಳೂ ಅದನ್ನೇ ಹಿಡ್ಕೊಂಡು ಕಲೀತಾವೆ. ನಾನೂ ಹಿಡ್ಕೊಂಡೇ ಕಲಿತೆ."

ಆಯಿ ಏನೂ ಹೇಳಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆಯಿಯ ಭಯ ನನಗೆ ಹೊಸದೇ? ಅವಳು ಬಿದ್ದಂದಿನಿಂದ ನಾನೂ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದೆ. ಅಟ್ಟ ಹತ್ತುವುದು ಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಬೆಳಿಗ್ಗೆ ತಂಗಿಗೆ "ನಂಗೂ ಕಲಿಸ್ತೀಯಾ?" ಎಂದೆ. ಅಂಕೋಲೆಯಲ್ಲಿ ಐಸ್ ಎಲ್ಲಿಂದ ತರುವುದು? ಆಗ ನೆನಪಾದವಳು ಕಾರವಾರದ ನನ್ನ ಗೆಳತಿ.

ಅವಳ ಯಜಮಾನರು ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವವರು. ಅಲ್ಲಿನ ನೌಕರರ ಕಾಲನಿ ಇರುವುದು ಕಾರವಾರ ತಾಲ್ಲೂಕಿನ ಮಲ್ಲಾಪುರದಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಕಾಡಿನ ನಡುವೆ. ಆ ಕಾಲನಿಯ ಮಕ್ಕಳು ಗಾಲಿಯ ಸ್ಕೇಟು ಕಟ್ಟಿಕೊಂಡು ಹಾಕಿ ಆಡುವುದರಲ್ಲಿ ಹೆಸರು ಮಾಡಿದವರು. ರೋಲರ್ ಹಾಕಿ ಎನ್ನುತ್ತಾರೆ. ಐಸ್ ಹಾಕಿಯ ದಾಯಾದಿ ಎನ್ನಿ. ಒಂದು ಬಗೆಯಲ್ಲಿ ಎರಡು ಜೊತೆ ಗಾಲಿ, ಬಾಗಿದ ಕೋಲು, ಗಟ್ಟಿ ಚೆಂಡು, ಗೋಲಿ ಸೇರಿ ಐವರು. ಇನ್ನೊಂದರಲ್ಲಿ ಗಾಲಿಗಳೆಲ್ಲ ಒಂದೇ ಸಾಲಿನಲ್ಲಿ, ಚೆಂಡಿನ ಬದಲು ಪಕ್. ಗೆಳತಿಯ ಮಗಳು ಕಲಿತದ್ದು ಮೊದಲನೆಯದನ್ನು. ಈಗ ಅವರು ಕಾರವಾರದಲ್ಲಿ ಸ್ವಂತ ಮನೆ ಮಾಡಿದ್ದಾರೆ, ಮನೆಯ ಹಿಂದೆ ಕೊಬ್ಬರಿ ಒಣಗಿಸುವ ಸಿಮೆಂಟಿನ ಅಂಗಳವಿದೆ. ಇನ್ನೇನು ಬೇಕು?

"ಈ ವಯಸ್ಸಿನಲ್ಲಿ ಮೂಳೆ ಗೀಳೆ ಮುರಿದುಕೊಂಡರೆ ಮನೆಯಲ್ಲಿ ಇಬ್ಬರಾಗ್ತೀರಿ" ಎಂದರು ನಮ್ಮ ಯಜಮಾನರು. ಅವರ ಮಾತು ತಪ್ಪೆನ್ನಲಾರೆ. ಹಾಗಾಗಿ ಮೊದಲು ನಮ್ಮ ಡಾಕ್ಟರನ್ನು ಕೇಳಿ, ಹೂಂ ಎನಿಸಿಕೊಂಡೇ ಹೊರಟೆ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದೆವು. ಅಂಕೋಲೆಯಿಂದ ಕಾರವಾರ ಸುಮಾರು ಮೂವತ್ತೈದು ಕಿಲೋಮೀಟರ್. ಈ ದಾರಿಯನ್ನು ನೀವು ಒಮ್ಮೆಯಾದರೂ ಎಡಗಡೆಯ ಕಿಟಕಿಯ ಪಕ್ಕ ಕುಳಿತು ನೋಡಬೇಕು. ಬಸ್ ನಿಲ್ದಾಣದ ಹತ್ತಿರ ಹಾಲಕ್ಕಿ ಹೆಂಗಸರು ಕೊರಳ ತುಂಬ ಮಣಿಸರ ಹಾಕಿಕೊಂಡು, ತಲೆಯ ಮೇಲೆ ಹರಿವೆ, ಮೂಲಂಗಿಯ ಬುಟ್ಟಿ ಹೊತ್ತು ಬರುತ್ತಿದ್ದರು. "ನೋಡು, ಅವರು ಕಾಲಿನ ಕಡೆ ನೋಡೋದೇ ಇಲ್ಲ. ಇವತ್ತು ನಿನ್ನ ಮೊದಲ ಪಾಠ ಅದೇ" ಎಂದಳು ತಂಗಿ. ಅವರ್ಸಾ, ಹಾರವಾಡ, ಅಮದಳ್ಳಿ, ಚೆಂಡಿಯಾ ಒಂದೊಂದಾಗಿ ಹಿಂದೆ ಸರಿದವು. ಬಲಕ್ಕೆ ಸಹ್ಯಾದ್ರಿಯ ಹಸಿರು, ಎಡಕ್ಕೆ ಮರಗಳ ಸಂದಿಯಲ್ಲಿ ಇಣುಕುವ ಕಡಲು. ಅರ್ಗಾದ ನೌಕಾನೆಲೆಯ ಉದ್ದನೆಯ ಗೋಡೆ ದಾಟಿ, ಬಿಣಗಾ ಕಳೆದು, ಗುಡ್ಡ ಕೊರೆದ ಸುರಂಗ ಹೊಕ್ಕು ಹೊರಬಿದ್ದರೆ ಕಾರವಾರ!

ಗೆಳತಿ ದೋಸೆ, ಕಾಯಿಚಟ್ನಿ ಮಾಡಿ ಕಾಯುತ್ತಿದ್ದಳು. "ತುಂಬ ತಿನ್ನಬೇಡ ಮಾವಶಿ, ಬಗ್ಗೋಕಾಗೋದಿಲ್ಲ" ಎಂದು ನನ್ನ ಹದಿನಾಲ್ಕು ವರ್ಷದ ಗುರು ಮೊದಲೇ ಎಚ್ಚರಿಸಿದಳು. ಸೀರೆ ಬಿಚ್ಚಿ ಮಗಳ ಸಲ್ವಾರ್ ತೊಟ್ಟೆ. ತಲೆಗೆ ಹೆಲ್ಮೆಟ್, ಮೊಣಕಾಲು ಮೊಣಕೈಗಳಿಗೆ ಚಿಪ್ಪು, ಮಣಿಕಟ್ಟಿಗೆ ಪಟ್ಟಿ. ಕಾಲಿಗೆ ತಿರುಪು ತಿರುಗಿಸಿ ಉದ್ದ ಮಾಡಬಹುದಾದ ನಾಲ್ಕು ಗಾಲಿಯ ಸ್ಕೇಟು. ಆಚೆ ಮನೆಯ ಕಂಪೌಂಡಿನ ಮೇಲೆ ಮೂರು ತಲೆಗಳು ಎದ್ದವು. ನನ್ನ ಕಿವಿ ಬಿಸಿಯಾಯಿತು.

"ಮೊಣಕಾಲು ಬಗ್ಗಿಸು ಮಾವಶಿ. ಇನ್ನೂ ಬಗ್ಗು. ಕುರ್ಚಿ ಮೇಲೆ ಕೂರೋಕೆ ಹೊರಟ ಹಾಗೆ. ಕೈ ಮುಂದೆ. ಕಣ್ಣು ಆ ತೆಂಗಿನ ಮರದ ಮೇಲೆ. ಹಾಂ, ಈಗ ಬೀಳು!"

ಬೀಳು ಎಂದರೆ ಬೀಳಲಾಗುತ್ತದೆಯೇ? ಮೈಯೆಲ್ಲ ಕೋಲಿನಂತೆ ಸೆಟೆದು ನಿಂತಿತ್ತು. ಅಲ್ಲೇ ತಿಳಿದದ್ದು ನನಗೆ: ಸೆಟೆದು ನಿಂತವರೇ ಜೋರಾಗಿ ಬೀಳುವುದು. ಬೀಳುವುದಕ್ಕೂ ಒಂದು ಕ್ರಮವಿದೆ, ಕೇಳಿ. ತೋಲ ತಪ್ಪಿತು ಅನಿಸಿದ ಕೂಡಲೇ ಇನ್ನಷ್ಟು ಕುಕ್ಕರಿಸಬೇಕು. ನೆಲ ಹತ್ತಿರವಾದಷ್ಟೂ ಪೆಟ್ಟು ಕಡಿಮೆ. ಹಿಂದಕ್ಕೆ ಬೀಳಕೂಡದು, ತಲೆಗೆ ಅಪಾಯ. ಪಕ್ಕಕ್ಕೆ, ತೊಡೆ ಪಿರ್ರೆಗಳ ಮಾಂಸದ ಭಾಗದ ಮೇಲೆ ಬೀಳಬೇಕು. ಮುಂದಕ್ಕೆ ಬಿದ್ದರೆ ಮೊದಲು ಮೊಣಕಾಲಿನ ಚಿಪ್ಪು, ಆಮೇಲೆ ಮೊಣಕೈಯದು. ಅಂಗೈ ಊರಿ ಇಡೀ ಮೈಭಾರವನ್ನು ಮಣಿಕಟ್ಟಿನ ಮೇಲೆ ಹಾಕಲೇಬಾರದು. ಐಸಿನ ಮೇಲಾದರೆ ಮುಷ್ಟಿ ಕಟ್ಟಿರಬೇಕು, ಇಲ್ಲದಿದ್ದರೆ ಬೇರೆಯವರ ಅಲಗು ಬೆರಳಿನ ಮೇಲೆ ಹಾದೀತು ಎಂದು ತಂಗಿ ಸೇರಿಸಿದಳು. ಏಳುವುದೂ ಪಾಠವೇ: ಮೊದಲು ಅಂಬೆಗಾಲು, ಆಮೇಲೆ ಒಂದು ಪಾದ ನೆಲಕ್ಕೆ, ಎರಡೂ ಕೈ ಆ ಮೊಣಕಾಲಿನ ಮೇಲೆ, ಒತ್ತಿ ಮೇಲಕ್ಕೆ.

ಮೊದಲ ಸಲ ಬಿದ್ದಾಗ "ಅಯ್ಯೋ" ಎಂದೆ. ಆರನೆಯ ಸಲ ನಕ್ಕೆ. ಹತ್ತನೆಯ ಸಲಕ್ಕೆ ಕಂಪೌಂಡಿನ ಮೇಲಿದ್ದವರಲ್ಲಿ ಒಬ್ಬಾಕೆ ಗೇಟು ತೆರೆದು ಒಳಗೇ ಬಂದು, "ನಂಗೂ ಒಂದ್ಸಲ ಕೊಡ್ತ್ರ್ಯಾ?" ಎಂದು ಕೇಳಿದಳು!

ಪೆಟ್ಟಾಗಲಿಲ್ಲವೇ ಎಂದು ಕೇಳುತ್ತೀರಿ. ಆಯಿತು. ಮಾರನೆಯ ಭಾನುವಾರ, ಸೆಕೆಯೆಂದು ಮಣಿಕಟ್ಟಿನ ಪಟ್ಟಿ ಬಿಚ್ಚಿಟ್ಟು ಒಂದೇ ಒಂದು ಸುತ್ತು ಎಂದು ಹೊರಟೆ. ಬಿದ್ದು ಅಂಗೈ ಊರಿದೆ. ಮೂಳೆಗೇನೂ ಆಗಲಿಲ್ಲ, ಆದರೆ ಮಣಿಕಟ್ಟು ಊದಿ ಎರಡು ವಾರ ತೆಂಗಿನಕಾಯಿ ಹೆರೆಯಲಾಗಲಿಲ್ಲ. ಯಜಮಾನರೇ ಹೆರೆದರು. ತಪ್ಪು ಪೂರ್ತಿ ನನ್ನದೇ. ಆಟದ ಸಾಮಾನಿನಲ್ಲಿ ಯಾವುದಕ್ಕೆ ಬೇಕಾದರೂ ಜಿಪುಣತನ ಮಾಡಿ, ಮೈ ಕಾಯುವ ಸಾಮಾನಿಗೆ ಮಾತ್ರ ಮಾಡಬೇಡಿ.

ಕೈ ಸರಿಹೋದ ಮೇಲೆ ಕೋಲು ಹಿಡಿದೆ. ಕೋಲು ಕೈಗೆ ಬಂದರೆ ಒಂದು ಸೋಜಿಗ ನಡೆಯುತ್ತದೆ: ಮನಸ್ಸೆಲ್ಲ ಚೆಂಡಿನ ಮೇಲಿರುವುದರಿಂದ ಕಾಲಿನ ಭಯ ಮರೆತುಹೋಗುತ್ತದೆ. ಕಾಲನ್ನು ಹಿಂದಕ್ಕಲ್ಲ, ಪಕ್ಕಕ್ಕೆ ತಳ್ಳಿದರೆ ಮೈ ಮುಂದಕ್ಕೆ ಸಾಗುತ್ತದೆ. ನಿಲ್ಲಲು ಸ್ಕೇಟಿನ ಮೂತಿಯಲ್ಲಿ ರಬ್ಬರಿನ ಬಿರಡೆಯಿದೆ. ಗೆಳತಿ, ಕಂಪೌಂಡಿನ ಆಕೆ, ತಂಗಿ, ನಾನು. ಎರಡು ಬಕೆಟ್ಟುಗಳ ನಡುವೆ ಗೋಲು. ನಾನು ಹೊಡೆದ ಮೊದಲ ಚೆಂಡು ಗೋಲಿಗೆ ಹೋಗಲಿಲ್ಲ, ದಾಸವಾಳದ ಗಿಡಕ್ಕೆ ಹೋಯಿತು. ಆದರೂ ನಾಲ್ವರೂ ಕೂಗಿದ ಕೂಗಿಗೆ ಬೀದಿಯ ನಾಯಿ ಎದ್ದು ಓಡಿತು.

ತಂಗಿ ಅಂದು ಲಡಾಖಿನ ಹುಡುಗಿಯರ ಸುದ್ದಿ ಹೇಳಿದಳು. ನಮ್ಮ ದೇಶದ ಮಹಿಳಾ ಐಸ್ ಹಾಕಿ ತಂಡದಲ್ಲಿ ಹೆಚ್ಚಿನವರು ಅಲ್ಲಿಯವರೇ. ಚಳಿಗಾಲದಲ್ಲಿ ಕೊಳಗಳು ಹೆಪ್ಪುಗಟ್ಟಿದ ಕೆಲವು ವಾರಗಳೇ ಅವರಿಗೆ ಊರಿನಲ್ಲಿ ಸಿಗುವ ಕಾಲ. 2016ರಲ್ಲಿ ತೈವಾನಿಗೆ ಹೋಗಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ಆಡಿದರು, ಗೆಲುವು ದಕ್ಕಲಿಲ್ಲ. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪೈನ್ಸ್ ತಂಡವನ್ನು ಸೋಲಿಸಿ ಮೊದಲ ಗೆಲುವು ಕಂಡರು. 2025ರಲ್ಲಿ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕವನ್ನೇ ತಂದರು. ಬಿದ್ದವರು ಎದ್ದ ಲೆಕ್ಕ ಅಲ್ಲವೇ ಇದು?

ಸಂಜೆ ಅಕ್ಕತಂಗಿಯರಿಬ್ಬರೇ ಟಾಗೋರ್ ಕಡಲತೀರಕ್ಕೆ ಹೋದೆವು. ಕಾರವಾರಕ್ಕೆ ಬಂದವರು ಇದನ್ನು ತಪ್ಪಿಸುವಂತಿಲ್ಲ. ಅರ್ಧಚಂದ್ರನಂತೆ ಬಾಗಿದ ದಂಡೆ, ಎದುರಿಗೆ ಗುಡ್ಡದಂಥ ದ್ವೀಪಗಳು, ಮಕ್ಕಳಿಗೆ ನೋಡಲು ಐ.ಎನ್.ಎಸ್. ಚಾಪಲ್ ಎಂಬ ಯುದ್ಧನೌಕೆಯ ವಸ್ತುಸಂಗ್ರಹಾಲಯ. 1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಆ ಅಣ್ಣನ ಹೆಂಡತಿ ಜ್ಞಾನದಾನಂದಿನಿ ದೇವಿಯನ್ನು ನಾವು ಹೆಂಗಸರು ನೆನೆಯಬೇಕು. ಬಂಗಾಳದ ಹೆಂಗಸರು ಹೊಸಿಲು ದಾಟಿ ಓಡಾಡಲು ಅನುಕೂಲವಾಗುವಂತೆ ರವಿಕೆ ತೊಟ್ಟು ಸೀರೆ ಉಡುವ ಹೊಸ ರೀತಿಯನ್ನು ರೂಢಿಗೆ ತಂದವರು ಅವರೇ. ಅವರನ್ನು ನೋಡಲೂ ಎಷ್ಟು ತಲೆಗಳು ಗೋಡೆಯ ಮೇಲೆ ಎದ್ದಿದ್ದವೋ!

ಮರಳಿನ ಮೇಲೆ ಕುಳಿತು ಭಜೆ ತಿನ್ನುತ್ತಾ ತಂಗಿ ಮೆಲ್ಲಗೆ ಹೇಳಿದಳು. "ಅಕ್ಕ, ನಾನು ಆಟ ಶುರುಮಾಡಿದ್ದು ಆಸೆಯಿಂದಲ್ಲ. ಅಲ್ಲಿ ನಾಲ್ಕೂವರೆಗೇ ಕತ್ತಲಾಗ್ತದೆ. ಇವರು ಕೆಲಸಕ್ಕೆ, ಮಗ ಶಾಲೆಗೆ. ಚಳಿಗಾಲದಲ್ಲಿ ಮೂರು ಮೂರು ದಿನ ಯಾರ ಹತ್ರವೂ ಮಾತಾಡದೆ ಇದ್ದೆ. ಜಾರಿ ಬೀಳ್ತೇನೆ ಅಂತ ಅಂಗಡಿಗೂ ಹೋಗ್ತಿರಲಿಲ್ಲ. ಒಂದು ದಿನ ಅನಿಸ್ತು, ಈ ಐಸಿಗೆ ಹೆದರಿ ಎಷ್ಟು ವರ್ಷ ಒಳಗಿರೋದು ಅಂತ."

ಹದಿನಾಲ್ಕು ವರ್ಷಗಳಲ್ಲಿ ಇದನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. "ಚೆನ್ನಾಗಿದ್ದೇನೆ" ಎಂದೇ ಫೋನಿನಲ್ಲಿ ಹೇಳುತ್ತಿದ್ದಳು. ನಾನೂ ಅಷ್ಟೇ ಕೇಳಿ ಇಡುತ್ತಿದ್ದೆ. ಅವಳ ಕೈ ಹಿಡಿದು ಸೂರ್ಯ ಮುಳುಗುವವರೆಗೆ ಸುಮ್ಮನೆ ಕುಳಿತೆ.

ಮನೆಗೆ ಬಂದು ಆಯಿಗೆ ದಿನದ ವರದಿ ಒಪ್ಪಿಸುವುದು ನಮಗೆ ರೂಢಿಯಾಯಿತು. ಎಷ್ಟು ಸಲ ಬಿದ್ದೆ, ಹೇಗೆ ಬಿದ್ದೆ, ಯಾರು ನಕ್ಕರು. ಒಂದು ರಾತ್ರಿ ಆಯಿ ನನ್ನ ಊದಿದ ಕೈ ಸವರುತ್ತಾ, "ಇಷ್ಟು ಬಿದ್ರೂ ಮತ್ತೆ ಹೋಗ್ತೀಯಲ್ಲೇ, ಹೆದರಿಕೆ ಆಗೂದಿಲ್ವಾ?" ಎಂದಳು.

"ಆಗ್ತದೆ ಆಯಿ. ಮೊದಲಿಗಿಂತ ಕಡಿಮೆ ಆಗ್ತದೆ."

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಳಿ ನದಿಯ ಹಳೇ ಸೇತುವೆಯೇ ಬಿತ್ತು, ನಾನು ಬಿದ್ದದ್ದೇನು ದೊಡ್ಡದು" ಎಂದಳು. 2024ರ ಆಗಸ್ಟ್ 7ರ ನಸುಕಿನಲ್ಲಿ ಆ ಸೇತುವೆ ಕುಸಿದದ್ದು, ಲಾರಿಯೊಂದಿಗೆ ನದಿಗೆ ಬಿದ್ದ ಚಾಲಕ ಬದುಕಿ ಬಂದದ್ದು ನಿಮಗೂ ನೆನಪಿರಬಹುದು.

ತಂಗಿ ಹೊರಡುವ ಮುಂಚಿನ ಸಂಜೆ. ನಾವಿಬ್ಬರೂ ಅಡುಗೆಮನೆಯಲ್ಲಿ ಅವಳಿಗಾಗಿ ಚಕ್ಕುಲಿ ಒತ್ತುತ್ತಿದ್ದೆವು. ಪಡಸಾಲೆಯಲ್ಲಿ ಟಕ್, ಟಕ್ ಎಂದು ಸದ್ದಾಯಿತು. ಇಣುಕಿದರೆ ಆಯಿ! ವಾಕರ್ ಹಿಡಿದು ಹಿಂದಿನ ಬಾಗಿಲಿನವರೆಗೆ ಬಂದಿದ್ದಾಳೆ. ನಾನು ಓಡಲು ಹೊರಟೆ, ತಂಗಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ಹಿಡಿಯಬೇಡ. ಹಿಂದೆ ಮಾತ್ರ ಇರು" ಎಂದಳು. ಎರಡು ಹೆಜ್ಜೆ ಹಿಂದೆ ನಾವಿಬ್ಬರೂ, ಮುಂದೆ ಆಯಿ. ಅವಳ ಕಣ್ಣು ಕಾಲಿನ ಮೇಲಿರಲಿಲ್ಲ, ತುಳಸಿಯ ಮೇಲಿತ್ತು. ಹತ್ತು ಹೆಜ್ಜೆಗೆ ಎಷ್ಟು ಹೊತ್ತಾಯಿತೋ ನಾನು ಹೇಳಲಾರೆ. ಒಲೆಯ ಮೇಲಿನ ಚಕ್ಕುಲಿ ಕಪ್ಪಾಯಿತು. ದೀಪ ಹತ್ತಿತು.

ಸೋದರಿಯರೇ, ನಿಮ್ಮಲ್ಲಿ ಯಾರಿಗಾದರೂ ಗಾಲಿ ಕಟ್ಟುವ ಮನಸ್ಸಾದರೆ ನಾಲ್ಕು ಮಾತು ನೆನಪಿಡಿ. ಮೊದಲು ನಿಮ್ಮ ವೈದ್ಯರನ್ನು ಕೇಳಿ. ಮೂಳೆ ಸವೆತ, ತಲೆಸುತ್ತು, ಮಂಡಿನೋವು ಇದ್ದವರಿಗೆ ಇದು ಬೇಡ. ಸ್ಕೇಟು ಕೊಳ್ಳುವ ಮುಂಚೆ ಮಕ್ಕಳದ್ದೋ ಪರಿಚಿತರದ್ದೋ ಕೇಳಿ ಪಡೆದು ನೋಡಿ. ಹಿಮ್ಮಡಿ ಒಳಗೆ ಅಲುಗಾಡದಂತೆ ಬಿಗಿಯಾಗಿರಲಿ. ನುಣುಪಾದ, ಒಣಗಿದ, ವಾಹನ ಬಾರದ ಜಾಗ ಹುಡುಕಿ. ಮರಳಿನ ಒಂದು ಕಣ ಸಾಕು ಗಾಲಿ ಕಚ್ಚಲು. ಒಬ್ಬರೇ ಕಲಿಯಬೇಡಿ, ಬಲ್ಲವರೊಬ್ಬರು ಪಕ್ಕದಲ್ಲಿರಲಿ. ಮೊದಲ ದಿನ ಅರ್ಧ ಗಂಟೆ ಸಾಕು, ಅದರಲ್ಲಿ ಕಾಲು ಗಂಟೆ ಬರೀ ಬಿದ್ದು ಏಳುವುದಕ್ಕೇ ಇಡಿ.

ಗಾಲಿಯೇ ಆಗಬೇಕೆಂದಿಲ್ಲ. ಸೈಕಲ್ಲಿರಬಹುದು, ಈಜಿರಬಹುದು, ನೀವು ಹೆದರಿ ಬಿಟ್ಟ ಯಾವುದೋ ಒಂದಿರಬಹುದು. ತಂಗಿ ಈಗ ಅಲ್ಲಿ ಐಸಿನ ಮೇಲಿದ್ದಾಳೆ, ನಾನಿಲ್ಲಿ ತಿಂಗಳಿಗೆರಡು ಭಾನುವಾರ ಕಾರವಾರದ ಸಿಮೆಂಟಿನ ಮೇಲೆ. ಫೋನಿನಲ್ಲಿ ನಾವೀಗ "ಚೆನ್ನಾಗಿದ್ದೀಯಾ" ಎಂದು ಕೇಳುವುದಿಲ್ಲ. "ಈ ವಾರ ಎಷ್ಟು ಸಲ ಬಿದ್ದೆ?" ಎಂದೇ ಕೇಳುತ್ತೇವೆ. ಆಮೇಲೆ ಮಾತು ತಾನಾಗಿಯೇ ಬರುತ್ತದೆ.